ಯಾರೂ ಸತ್ತಿಲ್ಲ

ಯಾರ ಮನೆಯ ಗೇಟಿನ ಮುಂದೆ ನಿಂತರೂ ಓರ್ದಾಬೆಕ್ ಸಲಾಮಿಗೂ ಮೊದಲು ಹೇಳುತ್ತಿದ್ದ ಮಾತು ಒಂದೇ: "ಯಾರೂ ಸತ್ತಿಲ್ಲ." ಆಮೇಲೆ ಸಲಾಮು, ಆಮೇಲೆ ಕುರಿ ಕುದುರೆಗಳ ಕ್ಷೇಮಸಮಾಚಾರ, ಅದೆಲ್ಲ ಮುಗಿದ ಮೇಲೆ ಒಳಜೇಬಿನಿಂದ ಕೋರ್ಟಿನ ಕಾಗದ. ಮೆರ್ಕೆ ಊರಿನಲ್ಲೂ ಸುತ್ತಲಿನ ಬೀಟ್‌ರೂಟು ಹೊಲಗಳ ಹಳ್ಳಿಗಳಲ್ಲೂ ಈ ಮಾತು ಎಷ್ಟು ಹೆಸರಾಗಿತ್ತೆಂದರೆ, ಮಕ್ಕಳು ಗೆಳೆಯರ ಬಾಗಿಲು ಬಡಿಯುವಾಗಲೂ "ಯಾರೂ ಸತ್ತಿಲ್ಲ, ಆಡಕ್ಕೆ ಬಾ" ಎಂದೇ ಕೂಗುತ್ತಿದ್ದವು.

ಅವರು ಖಾಸಗಿ ಅಮೀನರು. ಸರ್ಕಾರದ ಸಂಬಳವಿಲ್ಲ, ಪರೀಕ್ಷೆ ಬರೆದು ಪಡೆದ ಲೈಸೆನ್ಸು, ಒಂದು ಗುಂಡು ಮೊಹರು, ಬಸ್ ನಿಲ್ದಾಣದ ಹಿಂದೆ ಒಂದೇ ಕೋಣೆಯ ಕಚೇರಿ. ಕೋರ್ಟಿನ ಆದೇಶವನ್ನು ಬಾಗಿಲಿಗೆ ಮುಟ್ಟಿಸುವುದು, ಮುಟ್ಟಿಸಿದ್ದನ್ನು ನಡೆಸಿ ತೋರಿಸುವುದು ಅವರ ಕೆಲಸ. ಬೇಸಿಗೆಯಲ್ಲೂ ಮೈಮೇಲೆ ಅದೇ ಬೂದು ಬಣ್ಣದ ಉದ್ದ ಕೋಟು. ಅದರ ಎಡ ಎದೆಯ ಒಳಗೆ ಹೆಂಡತಿ ಹೊಲಿದುಕೊಟ್ಟ ಜೇಬಿನಲ್ಲಿ ಕಾಗದಗಳು. ಚೀಲ ಇದೆಯಲ್ಲ ಎಂದರೆ, "ಕಾಗದ ತಣ್ಣಗಿದ್ರೆ ತಗೊಳ್ಳೋ ಕೈ ಹಿಂದಕ್ಕೆ ಹೋಗುತ್ತೆ" ಎನ್ನುತ್ತಿದ್ದರು. ಚೀಲದಲ್ಲಿ ಇರುತ್ತಿದ್ದದ್ದು ರೊಟ್ಟಿ. ಬಂದವನು ಒಂದು ಚೂರು ರೊಟ್ಟಿಯನ್ನಾದರೂ ಬಾಯಿಗೆ ಮುಟ್ಟಿಸದೆ ಹೊರಡಬಾರದೆಂಬುದು ನಮ್ಮ ಜನರ ನಿಯಮ. ಕಾಗದ ಕೊಡುವ ಮನೆಯಲ್ಲಿ ಅಮೀನ ಏನೂ ತಿನ್ನಬಾರದೆಂಬುದು ಅವರದೇ ನಿಯಮ. ಎರಡನ್ನೂ ಕಾಯಲು ಅವರು ತಮ್ಮ ಮನೆಯ ರೊಟ್ಟಿಯನ್ನೇ ಒಯ್ದು, ಆ ಮನೆಯವರು ಅತಿಥಿಗೆಂದು ಹಾಸುವ ಊಟದ ಬಟ್ಟೆಯ ಮೇಲಿಟ್ಟು, ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಆದರೆ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುತ್ತಿದ್ದದ್ದು ಅವರ ನಡಿಗೆ. ಮೊಣಕಾಲುದ್ದ ನೀರಿನಲ್ಲಿ ನಡೆಯುವವರ ಹಾಗೆ ನಿಧಾನ, ತಲೆ ತುಸು ಬಾಗಿ, ಟೋಪಿ ಕೈಯಲ್ಲಿ. ಆ ನಡಿಗೆ ಅವರ ತಾತನದು. ನಮ್ಮಲ್ಲಿ ಸಾವಿನ ಸುದ್ದಿಯನ್ನು ನೇರವಾಗಿ ಹೇಳುವುದಿಲ್ಲ. ಅದಕ್ಕೆಂದೇ ಮಾತು ಬಲ್ಲವನೊಬ್ಬನನ್ನು ಕರೆಸುತ್ತಾರೆ. ಅವನು ಬಂದು, ಕೂತು, ಗಂಟಲು ಸರಿಮಾಡಿಕೊಂಡು, ಎಲ್ಲೋ ದೂರದ ಸರೋವರದಿಂದ, ಹಾರಿಹೋದ ಗಿಡುಗದಿಂದ ಮಾತು ಶುರುಮಾಡುತ್ತಾನೆ. ಸುತ್ತಿ ಸುತ್ತಿ ಹತ್ತಿರ ತಂದು ಕೊನೆಯ ಮಾತನ್ನು ಕೇಳುವವರ ಬಾಯಿಗೇ ಬಿಡುತ್ತಾನೆ. ಓರ್ದಾಬೆಕರ ತಾತ ಐವತ್ತು ವರ್ಷ ಆ ಕೆಲಸ ಮಾಡಿದವರು. ಮೊಮ್ಮಗನಿಗೆ ಬಂದ ಆಸ್ತಿ ಆ ನಡಿಗೆ ಮತ್ತು ಆ ಗಂಟಲು.

ಅದರ ಪರಿಣಾಮ ಅವರಿಗೆ ತಿಳಿದದ್ದು ಲೈಸೆನ್ಸು ಸಿಕ್ಕ ಮೊದಲ ವಾರ. ಪಕ್ಕದವರ ಜಾಗಕ್ಕೆ ಒಂದು ಮೊಳ ಚಾಚಿದ ಕೊಟ್ಟಿಗೆಯ ಗೋಡೆ ಕೆಡವಬೇಕೆಂಬ ಆದೇಶ ಹಿಡಿದು ಒಬ್ಬ ಮುದುಕಿಯ ಮನೆಗೆ ಹೋಗಿದ್ದರು. ಹಿಟ್ಟು ನಾದುತ್ತಿದ್ದ ಮುದುಕಿ ಅವರು ಬರುವ ರೀತಿ ನೋಡಿದಳು, ಗಂಟಲು ಸರಿಮಾಡಿಕೊಂಡದ್ದು ಕೇಳಿದಳು. ಹಿಟ್ಟಿನ ಕೈಯನ್ನೇ ಕೆನ್ನೆಗೆ ಬಡಿದುಕೊಂಡು ದೂರದ ಕರಗಂದ ಊರಿನಲ್ಲಿದ್ದ ಮಗನ ಹೆಸರು ಹಿಡಿದು ಹಾಡಿ ಅಳತೊಡಗಿದಳು. ನೆರೆಯ ಹೆಂಗಸರು ಓಡಿಬಂದು ದನಿಗೂಡಿಸಿದರು. ಗೋಡೆಯ ವಿಷಯವೆಂದು ಬಿಡಿಸಿ ಹೇಳುವಷ್ಟರಲ್ಲಿ ಅರ್ಧ ಬೀದಿ ಅಂಗಳದಲ್ಲಿತ್ತು. ಮುದುಕಿ ನಗುತ್ತಾ ಸಹಿ ಹಾಕಿದಳು. ಹಾಕಿದ ಮೇಲೆ ಲಟ್ಟಣಿಗೆ ಎತ್ತಿಕೊಂಡಳು.

"ಒಂದು ಮೊಳ ಗೋಡೆಗೋಸ್ಕರ ನನ್ನ ಮಗನ್ನ ಕೊಂದು ಬದುಕಿಸಿದ್ಯಲ್ಲೋ!"

ನಡಿಗೆಯನ್ನು ಬದಲಿಸಲು ಅವರು ತಿಂಗಳುಗಟ್ಟಲೆ ಪ್ರಯತ್ನಪಟ್ಟರಂತೆ, ಕಾಲು ಕೇಳಲಿಲ್ಲ. ಕೊನೆಗೆ ಮಾತನ್ನು ಸೇರಿಸಿದರು. ಚಹಾದಂಗಡಿಯಲ್ಲಿ ಜನ ರೇಗಿಸುತ್ತಿದ್ದರು: "ಓರೆಕೆ, ನೀವು ಬಂದು ಹೇಳೋವರೆಗೂ ನಾವು ಬದುಕಿದೀವೋ ಇಲ್ವೋ ನಮಗೇ ಗ್ಯಾರಂಟಿ ಇರಲ್ಲ." ಹಿರಿಯರ ಹೆಸರನ್ನು ಹೀಗೆ ಮುದ್ದಾಗಿ ಮೊಟಕುಗೊಳಿಸಿ ಕರೆಯುವುದೇ ನಮ್ಮಲ್ಲಿ ಗೌರವ. ಓರೆಕೆ ಚಹಾ ಊದಿ ಕುಡಿಯುತ್ತಾ, "ಸಹಿ ಹಾಕಿದ್ರೆ ಗ್ಯಾರಂಟಿ" ಎನ್ನುತ್ತಿದ್ದರು.

ಒಂದು ಸಲ ಮಾತ್ರ ಅವರು ಆ ಮಾತನ್ನು ಹೇಳಲಿಲ್ಲ. ಉಮ್ಸಿನ್ ಎಂಬಾಕೆಯ ಒಬ್ಬನೇ ಮಗ, ಲಾರಿ ಓಡಿಸುತ್ತಿದ್ದ ಎರ್ಸಾಯಿನ್, ಹಿಮ ಬಿದ್ದ ಘಾಟಿಯಲ್ಲಿ ತೀರಿಕೊಂಡ ದಿನ, ಊರಿನ ಹಿರಿಯರು ಅಮೀನರ ಕಚೇರಿಗೆ ಬಂದು ತಾತನ ಹೆಸರು ಹೇಳಿ ಎಬ್ಬಿಸಿಕೊಂಡು ಹೋದರು. ಉಮ್ಸಿನ್ ಅಂಗಳದಲ್ಲಿ ಕಂಬಳಿ ಕೊಡವುತ್ತಿದ್ದಳು. ಗೇಟಿನ ಬಳಿ ಓರ್ದಾಬೆಕರನ್ನು ಕಂಡು ಕೈ ನಿಲ್ಲಿಸಿ, ಆ ಮಾತಿಗಾಗಿ ಕಾದಳು. ಅದು ಬರಲಿಲ್ಲ. ಸರೋವರವೂ ಬೇಕಾಗಲಿಲ್ಲ, ಗಿಡುಗವೂ ಬೇಕಾಗಲಿಲ್ಲ.

ಮೂರು ವರ್ಷದ ನಂತರ, ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ, ಅವರು ಅದೇ ಗೇಟಿನ ಮುಂದೆ ಮತ್ತೆ ನಿಂತರು.

"ಯಾರೂ ಸತ್ತಿಲ್ಲ, ಅತ್ತಿಗೆ."

"ಅದನ್ನ ಹೇಳದೆ ಒಂದ್ಸಲ ಬಂದಿದ್ದೆ," ಎಂದಳು ಉಮ್ಸಿನ್. "ಇವತ್ತು ಹೇಳ್ಕೊಂಡು ಬಂದಿದೀಯ. ಎರಡ್ರಲ್ಲಿ ಯಾವುದು ಕೆಟ್ಟದ್ದು ಅಂತ ನೀನೇ ಹೇಳು."

ಕಾಗದದಲ್ಲಿ ಏನಿದೆಯೆಂದು ಅವಳಿಗೆ ಗೊತ್ತಿತ್ತು. ಎರ್ಸಾಯಿನನ ಮಗಳು ತೊಗ್ಜಾನ್‌ಗೆ ಆರು ವರ್ಷ. ಚೊಚ್ಚಲ ಮಗುವನ್ನು ನಲವತ್ತು ದಿನಕ್ಕೆ ಅಜ್ಜಿಯ ಮಡಿಲಿಗೆ ಕೊಟ್ಟು, ಅವಳ ಮಗುವಾಗಿಯೇ ಬೆಳೆಸುವುದು ಹಿಂದಿನಿಂದ ಬಂದ ಪದ್ಧತಿ. ಹಾಗಾಗಿ ತೊಗ್ಜಾನ್ ಉಮ್ಸಿನಳನ್ನು ಅಮ್ಮ ಎನ್ನುತ್ತಿದ್ದಳು, ಹೆತ್ತ ಮಾರ್ಜಾನಳನ್ನು ಅಕ್ಕ ಎನ್ನುತ್ತಿದ್ದಳು. ಗಂಡ ಹೋದ ಮೇಲೆ ಮಾರ್ಜಾನ್ ತರಾಜ್ ನಗರದಲ್ಲಿ ನರ್ಸಾಗಿ, ಈಗ ಮಗಳನ್ನು ತನ್ನ ಬಳಿ ಇಟ್ಟುಕೊಂಡು ಶಾಲೆಗೆ ಸೇರಿಸಬೇಕೆಂದು ಕೇಳಿದ್ದಳು. ಅತ್ತೆ ಕೊಡಲಿಲ್ಲ. ಕೋರ್ಟು ಕೊಡಿಸಿತು.

ಉಮ್ಸಿನ್ ಅಂದು ಊಟದ ಬಟ್ಟೆ ಹಾಸಲಿಲ್ಲ. ಇಡೀ ಮೆರ್ಕೆಯಲ್ಲಿ ಯಾರೂ ಅಮೀನರಿಗೆ ಮಾಡದ ಅವಮಾನ ಅದು. ಅವರು ನಿಂತುಕೊಂಡೇ ಓದಿದರು: ಮಗುವನ್ನು ಅದರ ತಾಯಿಯ ವಶಕ್ಕೆ ಒಪ್ಪಿಸತಕ್ಕದ್ದು. ಮೆಟ್ಟಿಲ ಮೇಲೆ ಕೂತು ಜರ್ದಾಲು ಹಣ್ಣಿನ ಬೀಜ ಒಡೆಯುತ್ತಿದ್ದ ತೊಗ್ಜಾನ್ ತಲೆಯೆತ್ತಿದಳು.

"ನಾನು ಅಮ್ಮನ ಹತ್ರಾನೇ ಇದೀನಲ್ಲ."

ಹದಿನಾರು ವರ್ಷದ ವೃತ್ತಿಯಲ್ಲಿ ಮಾತಿಗೆ ತಡಕಾಡದಿದ್ದ ಓರ್ದಾಬೆಕ್ ಕಾಗದವನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ತಾವಾಗಿಯೇ ಒಪ್ಪಿಸಲು ಐದು ದಿನ ಇದೆಯೆಂದು ಹೇಳಿ ಹೊರಟರು. ಆರನೆಯ ದಿನ ಏನೆಂದು ಅವರು ಹೇಳಲಿಲ್ಲ: ಪೊಲೀಸಿನವನು, ಮಕ್ಕಳ ಇಲಾಖೆಯ ಹೆಂಗಸು, ಬಾಗಿಲಲ್ಲಿ ಕಾರು. ಹಾಗೆ ಒಂದು ಆದೇಶವನ್ನು ಅವರು ಮುಂಚೆ ಒಮ್ಮೆ ಜಾರಿ ಮಾಡಿದ್ದರು. ಮಂಚದ ಕಾಲು ಹಿಡಿದ ಹುಡುಗನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ್ದರು. ಎಲ್ಲವೂ ಕಾನೂನಿನ ಪ್ರಕಾರವೇ ನಡೆದಿತ್ತು. ಆಮೇಲೆ ಬಹಳ ದಿನ ಅವರು ರೊಟ್ಟಿ ಮುರಿಯುವಾಗ ತಮ್ಮ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದುದನ್ನು ಅವರ ಹೆಂಡತಿ ಕಂಡಿದ್ದಳು. ಇನ್ನೊಮ್ಮೆ ಅದನ್ನು ಮಾಡಬೇಕಾಗಿ ಬಂದರೆ ಲೈಸೆನ್ಸನ್ನು ಹಿಂದಕ್ಕೆ ಕೊಡುತ್ತೇನೆಂದು ಅವಳೊಬ್ಬಳಿಗೆ ಹೇಳಿದ್ದರು.

ನಾಲ್ಕನೆಯ ದಿನ ಅವರು ಮತ್ತೆ ಹೋದರು. ಈ ಸಲ ಕಾಗದ ತೆಗೆಯಲಿಲ್ಲ. ಸೇಬಿನ ಮರದ ಕೆಳಗಿನ ಜಗಲಿಯಲ್ಲಿ ಕೂತು ಗಂಟಲು ಸರಿಮಾಡಿಕೊಂಡರು. ಉಮ್ಸಿನ್ ದೂರದಲ್ಲಿ ಬೆನ್ನು ತಿರುಗಿಸಿ ಹಾಲು ಸೋಸುತ್ತಿದ್ದಳು.

"ಅತ್ತಿಗೆ, ಈ ಮಗು ನಿಮ್ಮ ಮಡಿಲಿಗೆ ಬಂತಲ್ಲ, ಅವತ್ತು ಯಾವ ಅಮೀನ ತಂದುಕೊಟ್ಟ?"

"ಅಮೀನ ಯಾಕೆ ತರ್ತಾನೆ? ಸೊಸೆ ತಂದ್ಲು. ಬಿಳೀ ಬಟ್ಟೇಲಿ ಸುತ್ತಿ."

"ಯಾರಾದ್ರೂ ಬಲವಂತ ಮಾಡಿದ್ರಾ?"

"ಯಾರೂ ಇಲ್ಲ. ಅವಳ ಕೈಯಾರೆ ಕೊಟ್ಲು."

"ಅತ್ಲಾ?"

ಉಮ್ಸಿನ್ ಸೋಸುವುದನ್ನು ನಿಲ್ಲಿಸಿದಳು. "ನನ್ನ ಮುಂದೆ ಅಳಲಿಲ್ಲ. ಆಚೆ ಹೋದ್ಮೇಲೆ ಅತ್ಲು. ಗೋಡೆ ತೆಳು, ನನಗೆ ಕೇಳಿಸ್ತು."

ಸೇಬಿನ ಮರದಲ್ಲಿ ಜೇನ್ನೊಣಗಳು ಗುಂಯ್‌ಗುಡುತ್ತಿದ್ದವು. ಉಮ್ಸಿನ್ ಹಾಲಿನ ಪಾತ್ರೆ ಮುಚ್ಚಿಟ್ಟು ತಿರುಗಿದಳು.

"ಈಗ ನನ್ನ ಸರದಿ ಅಂತೀಯ."

"ನಾನೇನೂ ಅನ್ನಲಿಲ್ಲ, ಅತ್ತಿಗೆ."

"ನಿಮ್ಮ ತಾತಾನೂ ಹಿಂಗೇ. ಏನೂ ಅನ್ನದೆ ಎಲ್ಲಾ ಹೇಳ್ಬಿಡ್ತಿದ್ದ." ಅವಳು ಒಳಗೆ ಹೋಗಿ ಊಟದ ಬಟ್ಟೆ ತಂದು ಹಾಸಿದಳು. ಅವರು ಚೀಲಕ್ಕೆ ಕೈಹಾಕಿದ್ದನ್ನು ಕಂಡು ತನ್ನ ಬಿಸಿ ರೊಟ್ಟಿಯನ್ನು ಮುಂದೆ ತಳ್ಳಿದಳು. "ಅದನ್ನ ಒಳಗಿಡು. ನಿನ್ನ ಕಾನೂನಿನ ರೊಟ್ಟಿ ಒಣಗಿಹೋಗಿದೆ. ಪೊಲೀಸ್ನವನ್ನ ಕರೀಬೇಡ. ನಾಳೆ ವ್ಯಾನಲ್ಲಿ ನಾನೇ ಕರ್ಕೊಂಡು ಹೋಗ್ತೀನಿ. ಕೈಯಿಂದ ಬಂದದ್ದು ಕೈಗೇ ಹೋಗ್ಲಿ."

ಓರ್ದಾಬೆಕ್ ತಮ್ಮ ನಿಯಮ ಮುರಿದು ಆ ರೊಟ್ಟಿಯನ್ನು ತಿಂದರು.

ತರಾಜ್‌ನ ಮೂರನೆಯ ಮಹಡಿಯ ಬಾಗಿಲಲ್ಲಿ ಮುಂದೆ ನಿಂತವಳು ಉಮ್ಸಿನ್, ಅವಳ ಲಂಗದ ಹಿಂದೆ ತೊಗ್ಜಾನ್, ಅಮೀನರು ನಾಲ್ಕು ಮೆಟ್ಟಿಲು ಕೆಳಗೆ. ಬಾಗಿಲು ತೆರೆದ ಮಾರ್ಜಾನ್ ಹೇಳದೆ ಕೇಳದೆ ಬಂದ ಅತ್ತೆಯನ್ನು ನೋಡಿದಳು, ಮಗುವನ್ನು ಕಾಣಲಿಲ್ಲ, ಕೆಳಗೆ ಟೋಪಿ ಕೈಯಲ್ಲಿ ಹಿಡಿದ ಓರ್ದಾಬೆಕರನ್ನು ಕಂಡಳು. ಅವಳ ಮುಖ ಸುಣ್ಣದಂತಾಯಿತು. ಓರ್ದಾಬೆಕ್ ಬಾಯಿ ತೆರೆಯುವುದರೊಳಗೆ ಉಮ್ಸಿನ್ ಹೇಳಿದಳು:

"ಯಾರೂ ಸತ್ತಿಲ್ಲ."

ಆಮೇಲೆ ಮಗುವನ್ನು ಲಂಗದ ಹಿಂದಿನಿಂದ ಮುಂದಕ್ಕೆ ತಂದಳು. "ಇವಳು ಅಮ್ಮ."

"ಮತ್ತೆ ನೀನು?" ಎಂದಳು ತೊಗ್ಜಾನ್.

"ನಾನು ಅಜ್ಜಿ. ನನಗೆ ಪ್ರಮೋಷನ್ ಆಗಿದೆ."

ಮಾರ್ಜಾನ್ ಮಗುವನ್ನು ಒಂದು ಕೈಯಲ್ಲಿ, ಅತ್ತೆಯ ಮುಂಗೈಯನ್ನು ಇನ್ನೊಂದರಲ್ಲಿ ಹಿಡಿದಿದ್ದಳು. "ಒಳಗೆ ಬನ್ನಿ ಅತ್ತೆ. ಹೊಸ್ತಿಲ ಮೇಲೆ ಮಾತಾಡಬಾರದು," ಎಂದಳು.

ಈಗ ಪ್ರತಿ ಶುಕ್ರವಾರ ಮೆರ್ಕೆಯಿಂದ ಹೊರಡುವ ವ್ಯಾನಿನಲ್ಲಿ ಕಿಟಕಿಯ ಪಕ್ಕದ ಸೀಟು ಉಮ್ಸಿನಳದು, ಕಾಲ ಬಳಿ ಜರ್ದಾಲಿನ ಬಕೆಟ್ಟು. ತೊಗ್ಜಾನ್ ಒಮ್ಮೊಮ್ಮೆ ಮರೆತು ಅವಳನ್ನೇ ಅಮ್ಮ ಎನ್ನುತ್ತಾಳೆ. ಆಗ ಇಬ್ಬರೂ ಓಗೊಡುತ್ತಾರೆ. ಜಾರಿಯ ವರದಿಯಲ್ಲಿ "ಕೈಗೊಂಡ ಕ್ರಮ" ಎಂಬ ಜಾಗದಲ್ಲಿ ಓರ್ದಾಬೆಕ್ ಬರೆದಿರುವುದು ಇಷ್ಟು: ಅಮೀನ ಹಾಜರಿದ್ದ, ಬೇಕಾಗಲಿಲ್ಲ.

ಇಂಥವರು ಎಲ್ಲ ಊರಲ್ಲೂ ಒಬ್ಬಿಬ್ಬರು ಇರುತ್ತಾರೆ. ತೀರ್ಪು ಬರೆದವರಿಗೆ ಆ ಮನೆಯ ಅಂಗಳ ಗೊತ್ತಿರುವುದಿಲ್ಲ, ಅದನ್ನು ಕೇಳಬೇಕಾದವರಿಗೆ ಕೋರ್ಟಿನ ಭಾಷೆ ಗೊತ್ತಿರುವುದಿಲ್ಲ. ನಡುವಿನ ದಾರಿಯನ್ನು ಯಾರಾದರೂ ನಡೆಯಲೇಬೇಕು, ಕಾಗದವನ್ನು ಎದೆಯ ಬಿಸಿಯಲ್ಲಿಟ್ಟುಕೊಂಡು, ತುಸು ನಿಧಾನವಾಗಿ. ತಾವು ಬಂದುಹೋದ ಮನೆಯಲ್ಲಿ ಸಂಜೆ ಮತ್ತೆ ಚಹಾ ಕುದಿಯುವಂತೆ ನೋಡಿಕೊಳ್ಳುವುದು ಯಾವ ಲೈಸೆನ್ಸಿನಲ್ಲೂ ಬರೆದಿರುವುದಿಲ್ಲ. ಅದನ್ನೇ ತಮ್ಮ ಕೆಲಸವೆಂದು ತಿಳಿದವರು ಗೇಟಿಗೆ ಬಂದಾಗ, ಕೈಯಲ್ಲಿ ಏನೇ ತಂದಿರಲಿ, ನಾವು ನಾಯಿಯನ್ನು ಕಟ್ಟಿ ಬಾಗಿಲು ತೆರೆಯುತ್ತೇವೆ.