ದಿಣ್ಣೆಯ ಅಳತೆ

ಗಂಜಿಯಲ್ಲಿ ಅದ್ದಿದ ಕಾಗದದ ಪಟ್ಟಿಯನ್ನು ಗೋಡೆಯ ಬಿರುಕಿನ ಮೇಲೆ ಅಡ್ಡಲಾಗಿ ಅಂಟಿಸಿ ಅಂಗೈಯಿಂದ ಒತ್ತಿ ಹಿಡಿದೆ. ಏಳಲಾಗದ ಅಜ್ಜಿ ಮಂಚದಿಂದ ನೋಡುತ್ತಿದ್ದಳು. ಇದು ಆರನೆಯ ಪಟ್ಟಿ. ಬಿರುಕು ಅಗಲವಾದಂತೆ ಹಿಂದಿನ ಐದೂ ಹರಿದಿದ್ದವು.

ಎರಡು ತಿಂಗಳ ಹಿಂದೆ ಒಂದು ಮಧ್ಯಾಹ್ನ, ಗಾಡಿ ಉರುಳಿದ ಹಾಗೆ ನೆಲ ಗುಡುಗಿತ್ತು. ಆವತ್ತು ಮಾದಯ್ಯನವರ ರಾಗಿ ಹೊಲದಲ್ಲಿ ಸೀಳು ಬಿತ್ತು. ಬಯಲಿನಲ್ಲಿ ಅದು ಕೂದಲೆಳೆಯಷ್ಟು. ಅದೇ ಸೀಳು ನಮ್ಮ ಮನೆಯ ಹಿಂದಿನ ದಿಣ್ಣೆ ಹತ್ತಿದ ಮೇಲೆ ನನ್ನ ಕೈ ಹೋಗುವಷ್ಟು ಬಾಯಿ ಬಿಟ್ಟಿದೆ. ನೆಲ ಅಲುಗುತ್ತಿದೆಯೆಂದು ಸರ್ಕಾರದ ಓವರ್‌ಸೀಯರು ಬರೆದುಕೊಟ್ಟರೆ ಮಳವಳ್ಳಿಯಲ್ಲೇ ನಮಗೆ ಬೇರೆ ನಿವೇಶನ ಸಿಗುತ್ತದೆ. ಇಲ್ಲದಿದ್ದರೆ ಅಜ್ಜಿ ಈ ಗೋಡೆಯಡಿಯಲ್ಲೇ ಮಲಗಬೇಕು.

ಓವರ್‌ಸೀಯರ್ ಚಲುವರಾಜು ಮಂಡ್ಯದಿಂದ ಎರಡನೆಯ ಸಲ ಬಂದಿದ್ದರು. ಈ ಸಲವೂ ಆ ಹೊಲದ ಹುಣಸೆಮರದ ನೆರಳಲ್ಲೇ ಅಳತೆಯ ಮುಕ್ಕಾಲಿ ಊರಿ, ಹಿಂದೆ ಹೊಡೆದಿದ್ದ ಗೂಟಗಳನ್ನು ನೋಡಿ, ಮುಕ್ಕಾಲಿ ಹೊತ್ತು ನಮ್ಮ ಅಂಗಳಕ್ಕೆ ಬಂದರು.

"ಏನೂ ಕದಲಿಲ್ಲ ಸಾಬ್ರೇ. ನಿಮ್ಮ ಗೋಡೆ ಕಟ್ಟಿರೋದೇ ಸರಿಯಿಲ್ಲ."

ನಮ್ಮ ಅಬ್ಬಾ ಹರಿದ ಪಟ್ಟಿಗಳನ್ನು ಮುಂದೆ ಹಿಡಿದರು. ಒಂದೊಂದರ ಮೇಲೂ ನಾನು ತಾರೀಖು ಬರೆದಿದ್ದೆ.

"ಗಂಜಿ ವಾಸ್ನೆಗೆ ಇಲಿ ಕಡಿದಿರುತ್ತೆ."

ಪಕ್ಕದ ಮನೆಯ ಮರಿತಾಯಮ್ಮ ಬೇಲಿಯಾಚೆಯಿಂದ ಕೂಗಿದಳು: "ನೆಳ್ಳು ಬುಟ್ಟು ದಿಣ್ಣೆ ಮ್ಯಾಕೆ ಬನ್ನಿ ಸ್ವಾಮಿ, ಬಿಸ್ಲೇನು ಕಚ್ಚಾಕಿಲ್ಲ!"

"ಒಳಗಿನ ಸೀಳು ಒಂದೇ ಕಣಮ್ಮ. ಎಲ್ಲಿ ಅಳೆದರೇನು? ದಿಣ್ಣೆ ಮೇಲಿನ ಆ ಕರಿಕಲ್ಲು ನೋಡು, ಒಂದು ಕಾಲಕ್ಕೆ ಭೂಮಿಯೊಳಗಿಂದ ಕರಗಿ ಬಂದದ್ದು. ಅದು ಕದಲುತ್ತಾ?"

"ಕಲ್ಲು ಕದಲ್ದೆ ಇರ್ಬೋದು. ಮಣ್ಣು ಜಾರ್ತದಲ್ಲಾ!"

ಅವರು ನಕ್ಕರು. ನಾನು ಬಾಗಿಲ ಪರದೆಯ ಹಿಂದೆ ನಿಂತು ಕೇಳುತ್ತಿದ್ದೆ. ಒಳಗಿನ ಸೀಳು ಒಂದೇ ಇರಲಿ. ಬಯಲನ್ನು ಎರಡೂ ಕಡೆಯ ನೆಲ ಹಿಡಿದುಕೊಂಡಿದೆ. ದಿಣ್ಣೆಗೆ ನಮ್ಮ ಮನೆಯ ಕಡೆ ಆಸರೆಯೇ ಇಲ್ಲ. ದಿನಾ ಸೌದೆಗೆ ಹತ್ತುವ ನನಗೆ ಇದು ಗೊತ್ತು. ಯುದ್ಧ ಶುರುವಾದ ವರ್ಷ ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳ ಮಾತನ್ನು ಯಾರು ಬರೆದುಕೊಳ್ಳುತ್ತಾರೆ?

ಅವರು ಮುಕ್ಕಾಲಿ ಮಡಚಿದರು. ಬಸ್ಸಿಗೆ ಹೊತ್ತಾಯಿತಂತೆ. ನಾನು ಪರದೆ ಸರಿಸಿದೆ. ಹೊರಗಿನವರೊಂದಿಗೆ ಎಂದೂ ಮಾತಾಡಿದವಳಲ್ಲ.

"ದಿಣ್ಣೆ ಮೇಲೆ ಒಂದು ಗೂಟ ಹೊಡೆದು ನೋಡಿ, ಸ್ವಾಮಿ."

ಅವರು ಮುಕ್ಕಾಲಿಗೆ ಹಗ್ಗ ಬಿಗಿಯುತ್ತಿದ್ದರು. ಅಬ್ಬಾ ನೆಲ ನೋಡಿದರು.

"ಒಂದೇ ಒಂದು ಗೂಟ, ಸ್ವಾಮಿ."