ಕ್ಯಾಮೆರಾಗೆ ಇಟ್ಟ ಕುಂಕುಮ

ದೇವನಹಳ್ಳಿಯ ಅಂಗಡಿಯಲ್ಲಿ ಅಂಗೈಯಗಲದ ಡಿಜಿಟಲ್ ಕ್ಯಾಮೆರಾ ಕೊಂಡು ಆವತಿಯ ನಮ್ಮ ಮನೆಗೆ ತಂದೆ. ಫೋನ್ ಇರುವಾಗ ಇದ್ಯಾಕೆ ಅಂತ ಚಿಕ್ಕಮ್ಮ ಗೊಣಗಿದಳು. ನನ್ನಿಷ್ಟ. ಬ್ಯಾಟರಿ ಚಾರ್ಜ್ ಮಾಡಿ, ಮೆಮೊರಿ ಕಾರ್ಡ್ ಹಾಕಿ, ಹೊಸ ಸ್ಕೂಟರಿಗೆ ಮಾಡುವ ಹಾಗೆ ಇದಕ್ಕೂ ಪೂಜೆಯಾಗಲಿ ಅಂತ ದೇವರ ಮುಂದಿಟ್ಟೆ.

ಅಜ್ಜಿ ಅಂಜಿನಮ್ಮ ಎಂದಿನಂತೆ ಬಾಗಿಲ ಮರೆಗೆ ಸರಿದಳು. ತಾತ ತೀರಿಕೊಂಡ ಮೇಲೆ ಅವಳು ಕುಂಕುಮದ ಬಟ್ಟಲು ಮುಟ್ಟಿಲ್ಲ.

"ನೀನೇ ಇಡಜ್ಜಿ," ಅಂದೆ.

"ಗಂಡ ಇಲ್ಲದೋಳ ಕೈಲಿ ಹೊಸ ವಸ್ತುಗೆ ಕುಂಕುಮ ಇಡಿಸ್ತೀಯೇನೇ?" ಚಿಕ್ಕಮ್ಮ ರೇಗಿದಳು.

"ಕ್ಯಾಮೆರಾ ನಂದು. ನೀನು ಸುಮ್ನಿರು."

ಗುಂಡಿ ಒತ್ತಿದೆ. ಲೆನ್ಸು ಮೂತಿಯ ಹಾಗೆ ಹೊರಗೆ ಬಂತು. ಅದೇ ಅದರ ಹಣೆ ಅಂದುಕೊಂಡಳೋ ಏನೋ, ಅಜ್ಜಿ ಮರೆಯಿಂದ ಬಂದು ಗಾಜಿನ ಮೇಲೇ ಕುಂಕುಮ ಇಟ್ಟುಬಿಟ್ಟಳು. ನಗು ಬಂತು. ದುಪಟ್ಟಾದಿಂದ ಒರೆಸಿ, ಮೊದಲ ಫೋಟೋ ಅವಳದೇ ತೆಗೆದೆ.

ಗಾಜು ಪೂರ್ತಿ ಸ್ವಚ್ಛವಾಗಿರಲಿಲ್ಲ. ಪುಟ್ಟ ಪರದೆಯಲ್ಲಿ ಅಜ್ಜಿಯ ಬೋಳು ಹಣೆಯ ಮೇಲೆ ನಸುಗೆಂಪು ಹರಡಿಕೊಂಡಿತ್ತು. ಅವಳು ಕ್ಯಾಮೆರಾವನ್ನು ಕಣ್ಣಿನ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದಳು. ಹಣೆ ಮುಟ್ಟಿಕೊಳ್ಳಲು ಬೆರಳೆತ್ತಿದಳು. ಬೆರಳಲ್ಲಿ ಕುಂಕುಮ ಇನ್ನೂ ಇತ್ತು. ಅದನ್ನು ನೋಡಿ ಸೆರಗಿಗೆ ಒರೆಸಿಕೊಂಡಳು.

"ಅಳಿಸ್ಬಿಡು ಕಣವ್ವ. ಯಾರಾದ್ರೂ ನೋಡಿದ್ರೆ ಏನಂದ್ಕೊಂಡಾರು?"

ಬೇಡಜ್ಜಿ ಅಂದರೂ ಕೇಳಲಿಲ್ಲ. ಅಳಿಸುವ ಗುಂಡಿ ಯಾವುದು ಅಂತ ಹುಡುಕತೊಡಗಿದೆ. ಸಿಕ್ಕಿತು. ಅಷ್ಟರಲ್ಲಿ ಅಜ್ಜಿ ನನ್ನ ಕೈ ಹಿಡಿದಳು.

"ತಡಿ. ಇನ್ನೊಂದ್ಸಲ ನೋಡ್ಕೊಂಡ್ಬಿಡ್ತೀನಿ."