ಅಜ್ಜಿಯ ಬಾಯಿಂದ ಬಂದ ಹೆಸರು

ಅವಳ ಹೆಸರಿನ ಅರ್ಥ ಮನೆಯಲ್ಲಿ ಅಜ್ಜಿಯೊಬ್ಬಳನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಎರಡೇ ಅಕ್ಷರದ ಹೆಸರು. ಶಾಲೆಯಲ್ಲಿ ಟೀಚರು ಕೇಳಿದಾಗ ಅಪ್ಪ, ಅದು ಗುಡ್ಡದ ಮೇಲೆ ಅರಳುವ ಒಂದು ಹೂವು ಎಂದು ಬಾಯಿಗೆ ಬಂದದ್ದನ್ನು ಬರೆದು ಕಳಿಸಿದ. ಹಾಗಾದರೆ ಹೂವಿನ ಚಿತ್ರ ಬರೆದುಕೊಂಡು ಬಾ ಎಂದರು ಟೀಚರು. ಅಪ್ಪ ಮಗಳು ಕೂತು ಇಲ್ಲದ ಹೂವಿಗೆ ಐದು ಎಸಳು ಬಿಡಿಸಿದರು. ದೊಡ್ಡವಳಾಗಿ ಆಸ್ಪತ್ರೆಯ ಲಾಂಡ್ರಿಗೆ ಸೇರಿದ ಮೇಲೆ ಅಲ್ಲಿಯ ಮೇಸ್ತ್ರಿ, ಚಮಚ ಕೆಳಗೆ ಬಿದ್ದ ಹಾಗಿದೆ ನಿನ್ನ ಹೆಸರು ಎಂದು ನಕ್ಕ. ಅವಳೂ ನಕ್ಕಳು.

ಹೆಸರಿಟ್ಟವಳು ಅಪ್ಪನ ತಾಯಿ. ಎಷ್ಟು ಸಲ ಕೇಳಿದರೂ ಅಜ್ಜಿ, ಒಳ್ಳೆಯ ಹೆಸರೇ, ಹೆದರಬೇಡ ಎಂದು ಮಾತು ತೇಲಿಸಿಬಿಡುತ್ತಿದ್ದಳು. ಅವಳು ಬೆಟ್ಟದಾಚೆಯಿಂದ ಮದುವೆಯಾಗಿ ಬಂದವಳು. ಅಲ್ಲಿಯ ಭಾಷೆಯೇ ಬೇರೆ. ಹೊಸದರಲ್ಲಿ ಅವಳು ಬಾಯಿ ಬಿಟ್ಟರೆ ಸಾಕು, ಗಂಡನ ಮನೆಯವರು ಬಿದ್ದು ಬಿದ್ದು ನಗುತ್ತಿದ್ದರಂತೆ. ತಿಂಗಳೊಳಗೆ ಇಲ್ಲಿಯ ಮಾತು ಕಲಿತು ತನ್ನದನ್ನು ನುಂಗಿಕೊಂಡಳು. ಮಗನಿಗೂ ಕಲಿಸಲಿಲ್ಲ. ಒಗೆದ ಬಟ್ಟೆ ಎಣಿಸುವಾಗ ಮಾತ್ರ ಹಳೆಯ ಭಾಷೆ ತಾನಾಗಿ ನಾಲಿಗೆಯ ಮೇಲೆ ಬರುತ್ತಿತ್ತು.

ಎಪ್ಪತ್ತೆಂಟಕ್ಕೆ ಅಜ್ಜಿಗೆ ಸ್ಟ್ರೋಕ್ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಎರಡು ವಾರದ ಮೇಲೆ ಮಾತು ಮರಳಿತು. ಮರಳಿದ್ದು ಬೆಟ್ಟದಾಚೆಯ ಮಾತು ಒಂದೇ. ಆಮೇಲೆ ಕಲಿತದ್ದು ಮೊದಲು ಹೋಗುವುದುಂಟು ಎಂದರು ಡಾಕ್ಟರು. ಅಜ್ಜಿ ಏನೋ ಕೇಳುವಳು, ಇವರು ನೀರು ಕೊಡುವರು. ಅಲ್ಲ ಎಂದು ತಲೆಯಾಡಿಸಿದರೆ ಹೊದಿಕೆ ಹೊದಿಸುವರು. ಅಮ್ಮ ಎಂದೋ ತೀರಿಕೊಂಡಿದ್ದಳು. ಹಗಲು ಅಪ್ಪ ಅಜ್ಜಿಯ ಕೋಣೆಯ ಕಿಟಕಿಯಲ್ಲೇ ಕೂತು ಕೈಗಡಿಯಾರ ರಿಪೇರಿ ಮಾಡುತ್ತ ಅವಳನ್ನು ನೋಡಿಕೊಳ್ಳುತ್ತಿದ್ದ.

ಅಜ್ಜಿಯ ಮಾತಿನಲ್ಲಿ ಇವರಿಗೆ ತಿಳಿಯುತ್ತಿದ್ದದ್ದು ಒಂದೇ, ಮೊಮ್ಮಗಳ ಹೆಸರು. ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟುತ್ತಿದ್ದಂತೆ ಅಜ್ಜಿ ಕೂಗುವಳು. "ಸಂಜೆ ಬರ್ತೀನಜ್ಜಿ" ಎಂದು ಬಾಗಿಲೆಳೆದುಕೊಂಡು ಅವಳು ಓಡುವಳು. ಎಲ್ಲ ಮರೆತರೂ ನನ್ನ ಹೆಸರು ಮರೆತಿಲ್ಲವಲ್ಲ ಎಂದು ದಾರಿಯುದ್ದಕ್ಕೂ ಹೆಮ್ಮೆ. ಮೂರು ತಿಂಗಳು ಹೀಗೇ ನಡೆಯಿತು.

ಲಾಂಡ್ರಿಯ ಹಿಂಬಾಗಿಲ ಎದುರಿನ ಗೋಡೆಗೆ ಒರಗಿ ಒಬ್ಬ ಮುದುಕ ಛತ್ರಿ ರಿಪೇರಿ ಮಾಡುತ್ತಿದ್ದ. ಒಂದು ದಿನ ಅವಳು ತನ್ನ ಛತ್ರಿ ಕೊಟ್ಟು ಕಾಯುತ್ತಿದ್ದಾಗ, ಅವನು ಕಡ್ಡಿಗಳನ್ನು ಮುಟ್ಟಿ ಮುಟ್ಟಿ ಗೊಣಗುವುದು ಅವಳ ಕಿವಿಗೆ ಬಿತ್ತು. ಅಜ್ಜಿ ಬಟ್ಟೆ ಎಣಿಸುತ್ತಿದ್ದದ್ದು ಹೀಗೆಯೇ. ವಿಷಯ ಹೇಳಿ, ಒಂದು ಸಲ ಮನೆಗೆ ಬರಲೇಬೇಕೆಂದು ಅಂಗಲಾಚಿದಳು.

ಭಾನುವಾರ ಮಧ್ಯಾಹ್ನ ಅವನು ತೊಳೆದ ಅಂಗಿ ತೊಟ್ಟು ಬಂದ. ಮಂಚದ ಪಕ್ಕ ಕೂತು ಏನೋ ಒಂದು ಮಾತು ಆಡಿದ. ಅಜ್ಜಿ ಎಡಗೈಯಿಂದ ಅವನ ತೋಳು ಹಿಡಿದವಳು ಬಿಡಲಿಲ್ಲ. ಅರವತ್ತು ವರ್ಷದ ಮಾತು ಕಟ್ಟೆಯೊಡೆದು ಬಂತು. ನಡುವೆ ಒಮ್ಮೆ ಇಬ್ಬರೂ ನಕ್ಕರು. ಬೆನ್ನ ಕೆಳಗಿನ ಹಾಸಿಗೆ ಒತ್ತುತ್ತಿದೆಯಂತೆ, ಅದನ್ನೇ ಮೂರು ತಿಂಗಳಿಂದ ಹೇಳುತ್ತಿದ್ದಾಳಂತೆ ಎಂದು ಮುದುಕ ತಿಳಿಸಿದ. ಅಪ್ಪ ಮುಖ ತಿರುಗಿಸಿಕೊಂಡ.

ಮೊಮ್ಮಗಳು ತನ್ನ ಹೆಸರು ಹೇಳಿ ಅರ್ಥ ಕೇಳಿದಳು. ಮುದುಕ ಎರಡು ಸಲ ಹೇಳಿಸಿದ.

"ಇದು ಹೆಸರಲ್ಲ ತಾಯಿ. ಯಾರೂ ಇಡಲ್ಲ ಇದನ್ನ. ಎದ್ದು ಹೊರಟವರಿಗೆ ಹೇಳೋ ಮಾತು. ಇರು, ಹೋಗ್ಬೇಡ ಅಂತ."

ಅವನು ಅಜ್ಜಿಯನ್ನು ಕೇಳಿದ. ಅಜ್ಜಿ ತಡೆದು ತಡೆದು ಹೇಳಿದಳು, ಅವನು ತಿಳಿಸುತ್ತ ಹೋದ. ಇವಳಿಗಿಂತ ಮೊದಲು ಹುಟ್ಟಿದ ಎರಡು ಕೂಸುಗಳು ವಾರ ತುಂಬುವ ಮೊದಲೇ ಹೋಗಿದ್ದವು. ಮೂರನೆಯದಕ್ಕೂ ಉಸಿರು ನೆಟ್ಟಗಿರಲಿಲ್ಲ. ಅಜ್ಜಿ ಅದನ್ನು ಎದೆಗೊತ್ತಿಕೊಂಡು ಆ ಒಂದು ಮಾತನ್ನೇ ಹೇಳುತ್ತಿದ್ದಳು. ಅಪ್ಪ ಕೇಳಿಸಿಕೊಂಡು, ಹೆಸರು ಚೆನ್ನಾಗಿದೆ ಎಂದ. ಅವಳು ತಿದ್ದಲಿಲ್ಲ.

"ಮನೆಯವರೆಲ್ಲ ದಿನಾ ಹಾಗೇ ಕೂಗಲಿ, ಮಗು ನಿಂತೀತು ಅಂತ ಸುಮ್ಮನಾದಳಂತೆ," ಎಂದ ಮುದುಕ.

ಮೊಮ್ಮಗಳಿಗೆ ತಾನು ದಿನವೂ ಎಳೆದುಕೊಳ್ಳುತ್ತಿದ್ದ ಬಾಗಿಲು ನೆನಪಾಯಿತು. "ತಾತ, ಬೆಳಿಗ್ಗೆ ಕೂಗ್ತಾಳಲ್ಲ, ನನ್ನ ಹೆಸರು ಹಿಡಿದು ಕರೀತಾಳಾ, ಇಲ್ಲಾ ಇರು ಅಂತಾಳಾ? ಕೇಳಿ."

ಅವನು ತಿರುಗಿ ನೋಡಿದ. ದಣಿದ ಅಜ್ಜಿಗೆ ಆಗಲೇ ನಿದ್ದೆ ಹತ್ತಿತ್ತು.

ಮೊಮ್ಮಗಳು ಹಾಸಿಗೆ ಬದಲಾಯಿಸಿದಳು. ಮೇಸ್ತ್ರಿಯ ಗೊಣಗಾಟಕ್ಕೆ ಕಿವಿಗೊಡದೆ ರಜೆ ಹಾಕಿ ಮನೆಯಲ್ಲೇ ಉಳಿದಳು. ಅಜ್ಜಿಗೆ ಎದೆಯಲ್ಲಿ ಕಫ ಕಟ್ಟಿತ್ತು. ನಾಲ್ಕನೆಯ ದಿನ ಉಸಿರು ಮೇಲೆ ಮೇಲೆ ಹೋಗತೊಡಗಿದಾಗ ಅವಳು ಅಜ್ಜಿಯ ಕಿವಿಯ ಬಳಿ ಬಾಗಿ ಆ ಎರಡಕ್ಷರವನ್ನು ಮತ್ತೆ ಮತ್ತೆ ಹೇಳಿದಳು. ಅಜ್ಜಿ ಕಣ್ಣು ತೆರೆದು ನೋಡಿದಳು. ಮಧ್ಯಾಹ್ನದ ಹೊತ್ತಿಗೆ ಹೋಗಿಬಿಟ್ಟಳು.

ಮುಂದಿನ ಭಾನುವಾರ, ಸುದ್ದಿ ತಿಳಿಯದ ಮುದುಕ ಮತ್ತೆ ಅದೇ ಅಂಗಿ ತೊಟ್ಟು ಬಂದ. ಖಾಲಿ ಮಂಚ ನೋಡಿ ಬಾಗಿಲಲ್ಲೇ ನಿಂತ. ಅಪ್ಪ ಕುರ್ಚಿ ಎಳೆದು ಕೊಟ್ಟ.

"ನಿಮ್ಮ ಭಾಷೇಲಿ ಅಮ್ಮನ್ನ ಏನಂತ ಕರೀತಾರೆ?" ಎಂದು ಅಪ್ಪ ಕೇಳಿದ.

ಮುದುಕ ಹೇಳಿದ. ಅಪ್ಪ ಹೇಳಲು ನೋಡಿದ. ನಡುವಿನ ಅಕ್ಷರಕ್ಕೆ ನಾಲಿಗೆ ಹೊರಳಲಿಲ್ಲ. ಮತ್ತೊಮ್ಮೆ ಹೇಳಿದ, ಆಗಲೂ ತಪ್ಪೇ ಬಂತು. ಮುದುಕ ಹೌದೆಂದು ತಲೆಯಾಡಿಸಿದ.